ಗಡಿಯಾರದ ರುದ್ರಯ್ಯನ ಮುಖಪುಟ

ಕುಣಿಗಲ್‌ನ ರುದ್ರಯ್ಯನವರ ಮನೆಯಲ್ಲಿ ಆ ತಾಳೆಗರಿಯ ಕಟ್ಟನ್ನು ಮೊದಲ ಸಲ ಕಂಡಾಗ ಬಸವಪ್ರಭುವಿಗೆ ಆದದ್ದು ಆಸೆಯಲ್ಲ, ಅವಮಾನ. ಹಸ್ತಪ್ರತಿಗಳ ಧೂಳು ಕುಡಿದು ಅರ್ಧ ಆಯುಸ್ಸು ಕಳೆದವನು ತಾನು. ಎಲ್ಲೂ ಅಚ್ಚಾಗದ ವಚನಗಳು ಹೋಗಿ ಸೇರಿದ್ದು ಕೆಟ್ಟ ಗಡಿಯಾರ ರಿಪೇರಿ ಮಾಡುವ ಮುದುಕರ ಗೂಡಿಗೆ. ಅವರು ಅದನ್ನು ಓದಿದವರೂ ಅಲ್ಲ. ಸೋಮವಾರ ಸೋಮವಾರ ವಿಭೂತಿ ಹಚ್ಚಿ ಕೈಮುಗಿಯುತ್ತಿದ್ದರು, ಅಷ್ಟೆ.

ಓದಿ ವಾಪಸು ಕೊಡುತ್ತೇನೆಂದು ಹೇಳಿ ತಂದ. ಕೊಡುವ ಮನಸ್ಸು ಬರುವ ಮೊದಲೇ ರುದ್ರಯ್ಯನವರು ಶಿವೈಕ್ಯರಾದರು. ಅವರಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಚೇಳೂರಿನ ತನ್ನ ತಾತನ ಅಟ್ಟದಲ್ಲಿ ಕಟ್ಟು ಸಿಕ್ಕಿತೆಂದು ಮುನ್ನುಡಿಯಲ್ಲಿ ಬರೆಯುವುದು ಬಸವಪ್ರಭುವಿಗೆ ಕಷ್ಟವೇನೂ ಆಗಲಿಲ್ಲ. ಬರೆಯುತ್ತ ಬರೆಯುತ್ತ ಅಟ್ಟದ ಇಲಿಗಳ ಸದ್ದೂ ಕೇಳಿಸಿತು.

ಪುಸ್ತಕ ಅಚ್ಚಾಯಿತು. ರಕ್ಷಾಪುಟದ ಮೇಲೆ ಕಟ್ಟಿನ ಮರದ ಹಲಗೆ, ಅದರಲ್ಲಿ ಒಂದು ಕೊಂಬು ಮುರಿದ ನಂದಿಯ ಕೆತ್ತನೆ. ತುಮಕೂರಿನ ಗ್ರಂಥಾಲಯದ ಸಭಾಂಗಣದಲ್ಲಿ ಬಿಡುಗಡೆ. ಬಿಡುಗಡೆ ಮಾಡುವವರು ಹಸ್ತಪ್ರತಿ ತಜ್ಞೆ ಮಧುಶ್ರೀ; ಬಸವಪ್ರಭು ಕಣ್ಣಿಟ್ಟಿದ್ದ ಹೊಸ ಅಧ್ಯಯನ ಪೀಠಕ್ಕೆ ಮುಖ್ಯಸ್ಥರನ್ನು ಆರಿಸುವವರೂ ಅವರೇ. ಎಲ್ಲ ನಿಶ್ಚಯವಾದ ಮೇಲೆ ಒಂದು ಮಧ್ಯಾಹ್ನ ಸಭಾಂಗಣ ನೋಡಲು ಹೋದವನನ್ನು, ಬಾಗಿಲ ಪಕ್ಕದ ಪತ್ರಿಕೆಗಳ ರ‍್ಯಾಕಿನಿಂದ ರುದ್ರಯ್ಯನವರು ನೋಡಿ ನಕ್ಕರು.

ಗುಬ್ಬಿಯಿಂದ ಗಂಗಹನುಮಯ್ಯ ಎಂಬವರು ಒಬ್ಬರೇ ಹೊರಡಿಸುವ ‘ಎಳನೀರು’ ಮಾಸಿಕದ ಮುಖಪುಟ ಅದು. ‘ಗಡಿಯಾರದ ಅಜ್ಜನ ನೆನಪು.’ ಅಜ್ಜನ ಹಿಂದೆ ಗೋಡೆ ತುಂಬ ಗಡಿಯಾರ. ನಡುವಿನ ಗೂಡಿನಲ್ಲಿ ಅದೇ ಹಲಗೆ, ಕೊಂಬು ಮುರಿದ ಅದೇ ನಂದಿ. ಗಡಿಯಾರ ನೋಡುವವರಿಗೆ ನಂದಿ ಕಾಣದು. ಮಧುಶ್ರೀ ಗಡಿಯಾರ ನೋಡುವ ಪೈಕಿಯಲ್ಲ. ಒಳಗೆ ಇನ್ನೊಂದು ಸಾಲಿತ್ತು: ‘ಅಜ್ಜನ ಮನೆಯ ಮತ್ತಷ್ಟು ಚಿತ್ರಗಳು ಮುಂದಿನ ಸಂಚಿಕೆಯಲ್ಲಿ.’

“ಇದನ್ನ ಮನೆಗೆ ತಗೊಂಡ್ ಹೋಗಿ ಓದ್ಲಾ?” ಎಂದು ಕೇಳಿದ.

“ಹೊಸ ಸಂಚಿಕೆ ಹೊರಗ್ ಕೊಡಲ್ಲ ಸಾರ್,” ಎಂದಳು ಗ್ರಂಥಾಲಯದ ಮಂಗಳಗೌರಿ. “ಕಣ್ ತಪ್ಸಿದ್ರೆ ಹರ್ಕೊಂಡ್ ಹೋಗ್ತಾರೆ. ಅಡುಗೆ ಪುಟ ಅಂತೂ ಒಂದೂ ಉಳಿಯಲ್ಲ. ಅದ್ಕೇ ಮೇಲೆ ಕ್ಯಾಮೆರಾ ಹಾಕ್ಸಿರೋದು.”

“ಹಳೇವು?”

“ಈ ಮುಚ್ಚಳ ಎತ್ತಿದ್ರೆ ಕೆಳಗೇ ಅವೆ. ವರ್ಷ ಆದ್ಮೇಲೆ ತೂಕಕ್ಕೆ.”

ಬಸವಪ್ರಭು ಅವಸರಪಡುವವನಲ್ಲ. ಒಂದನೇ ತಾರೀಕಿನಂದು ಬಂದು, ದಿನಪತ್ರಿಕೆಯ ಮರೆಯಲ್ಲಿ ಕೂತು ನೋಡಿದ. ಮಂಗಳಗೌರಿ ಒಂದೊಂದೇ ಖಾನೆಯ ಇಳಿಜಾರು ಮುಚ್ಚಳ ಎತ್ತಿ, ಹೋದ ತಿಂಗಳ ಸಂಚಿಕೆಯನ್ನು ಕೆಳಗಿನ ರಾಶಿಗೆ ತಳ್ಳಿ, ಹೊಸದನ್ನು ಮೇಲಿಡುತ್ತಿದ್ದಳು. ‘ಎಳನೀರು’ ಮಾತ್ರ ತಡವಾಗಿ ತಿಂಗಳ ಕೊನೆಗೆ ಬಂದಿದ್ದರಿಂದ ಆ ಸಲ ಉಳಿಯಿತು. ಮುಂದಿನ ಒಂದನೇ ತಾರೀಕಿಗೆ ಇಳಿದೇ ಇಳಿಯುತ್ತದೆ. ಬಿಡುಗಡೆಯನ್ನು ಅದರಾಚೆಗೆ ತಳ್ಳಿಸಿದ. ಗ್ರಂಥಾಲಯದ ಪದ್ಧತಿಯೇ ತನ್ನ ಕೆಲಸ ಮಾಡಿಕೊಡುವಾಗ ತಾನೇಕೆ ಕೈ ಮಸಿ ಮಾಡಿಕೊಳ್ಳಬೇಕು? ಕಳ್ಳರೆಲ್ಲ ಸಿಕ್ಕಿಬೀಳುವುದು ಕದಿಯಲು ಹೋಗಿಯೇ ಎಂಬುದು ಅವನ ಅಭಿಪ್ರಾಯ. ತನ್ನನ್ನು ಆ ಪಂಗಡಕ್ಕೆ ಅವನು ಸೇರಿಸಿಕೊಂಡಿರಲಿಲ್ಲ.

ಇನ್ನುಳಿದದ್ದು ಮುಂದಿನ ಸಂಚಿಕೆ. ಗುಬ್ಬಿಗೆ ಹೋದ.

“ಎಷ್ಟ್ ದಿನಾಂತ ಒಬ್ರೇ ಒದ್ದಾಡ್ತೀರಿ ಗಂಗಹನುಮಯ್ಯನೋರೆ? ಪೀಠ ನನ್ ಕೈಗೆ ಬರ್ಲಿ, ಅದ್ರದ್ದೇ ಪತ್ರಿಕೆ ಮಾಡೋಣ. ನೀವೇ ಸಂಪಾದಕರು. ‘ಎಳನೀರು’ ಇಲ್ಲಿಗೇ ನಿಲ್ಸಿಬಿಡಿ.”

ಗಂಗಹನುಮಯ್ಯ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಬುಡಿ ಸಾರ್, ನಮ್ಮನೆಯವ್ಳೂ ಇದನ್ನೇ ಯೋಳದು. ಅವ್ಳು ಬಯ್ದು ಯೋಳ್ತಾಳೆ, ನೀವು ಮರ್ವಾದೆ ಕೊಟ್ಟು ಯೋಳಿದ್ರಿ.”

ಅಜ್ಜನ ಚಿತ್ರಗಳಿದ್ದ ಮೆಮೊರಿ ಕಾರ್ಡನ್ನೂ, ಉಳಿದ ಪ್ರತಿಗಳ ಕಟ್ಟನ್ನೂ ಪೀಠದ ಸಂಗ್ರಹಕ್ಕೆಂದು ಅವರೇ ಕಾರಿನವರೆಗೆ ಹೊತ್ತು ತಂದರು. ಮರುದಿನ ಶೆಟ್ಟಿಹಳ್ಳಿಯ ಅವನ ಮನೆಯಲ್ಲಿ ಹಂಡೆ ಒಲೆ ಚೆನ್ನಾಗಿ ಉರಿಯಿತು. ಚಂದಾದಾರರ ಮನೆಗಳಲ್ಲಿ ಉಳಿದ ಪ್ರತಿಗಳ ಬಗ್ಗೆ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಮಧುಶ್ರೀಯನ್ನು ಅವರೇನು ಕಾಫಿಗೆ ಕರೆಯುತ್ತಾರೆಯೇ?

ಬಿಡುಗಡೆಯ ದಿನ ಬೇಗನೆ ಬಂದ. ರ‍್ಯಾಕಿನ ತುಂಬ ಹೊಸ ಬಣ್ಣ: ಸಿನಿಮಾ, ಕೃಷಿ, ಪರೀಕ್ಷೆಯ ಪತ್ರಿಕೆಗಳು, ಎಲ್ಲ ಹೊಸ ತಿಂಗಳಿನವು. ನಟ್ಟನಡುವೆ ರುದ್ರಯ್ಯನವರು, ಅದೇ ನಗು. “ಏನಮ್ಮಾ, ಒಂದನೇ ತಾರೀಕು ಕಳೀತಲ್ಲ, ಇದನ್ನ ಕೆಳಗ್ ಹಾಕ್ಲಿಲ್ವಾ?” ಎಂದು ಕೇಳಿದ. “ತಾರೀಕ್ ನೋಡ್ಕೊಂಡ್ ಯಾರ್ ಹಾಕ್ತಾರೆ ಸಾರ್?” ಎಂದಳು ಮಂಗಳಗೌರಿ, ಕುರ್ಚಿ ಒರೆಸುತ್ತ. “ಹೊಸದು ಬಂದ್ರೆ ತಾನೆ ಹಳೇದು ಕೆಳಕ್ಕೋಗದು? ಇದು ನಿಂತೋಯ್ತಂತಲ್ಲ, ಗಂಗಹನುಮಯ್ಯನೋರು ಫೋನ್ ಮಾಡಿದ್ರು. ಇನ್ ಯಾವತ್ತಿದ್ರೂ ಇದೇ ಹೊಸದು.” ಮೇಲೆ ಕ್ಯಾಮೆರಾದ ಕೆಂಪು ಚುಕ್ಕೆ. ಬೆನ್ನ ಹಿಂದೆ ಚಪ್ಪಲಿಯ ಸದ್ದು ನಿಂತಿತು. “ಅಬ್ಬಾ, ಎಷ್ಟೊಂದು ಗಡಿಯಾರ!” ಎಂದರು ಮಧುಶ್ರೀ. ಅವನ ಪುಸ್ತಕವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಕನ್ನಡಕ ಹಾಕಿಕೊಂಡು, ಮುಖಪುಟದ ಹತ್ತಿರಕ್ಕೆ ಬಗ್ಗಿದರು.