ನೀರಿನ ಮಾತ್ರೆ

ನನ್ನನ್ನು ನೋಡಲು ಬಂದವರ ಕಾರಿನಿಂದ ಮೊದಲು ಇಳಿದದ್ದು ಒಂದು ಊರುಗೋಲು, ಅದರ ಹಿಂದೆ ಬೋರಲಿಂಗಯ್ಯನವರು. ಅಡುಗೆಮನೆ ಕಿಟಕಿಯಲ್ಲಿ ನಿಂತಿದ್ದ ನನ್ನ ಕೈಯಿಂದ ಕಾಫಿ ತಟ್ಟೆ ಜಾರುವುದೊಂದು ಬಾಕಿ. ಈ ಮನುಷ್ಯನ ಉಸಿರಿನ ಸದ್ದು ನನಗೆ ಗೊತ್ತು. ಮುಂಬೈಯಿಂದ ಹೊರಟ ಪ್ರವಾಸಿ ಹಡಗಿನ ಪುಟ್ಟ ಆಸ್ಪತ್ರೆಯಲ್ಲಿ, ಸುತ್ತ ನೀರು ಬಿಟ್ಟರೆ ಇನ್ನೇನೂ ಇಲ್ಲದ ಕಡೆ, ಇಡೀ ಒಂದು ಹಗಲು ಅದನ್ನು ಕೇಳುತ್ತ ನಿಂತಿದ್ದೆ.

ಅವರ ಹಿಂದೆ ಮಗ ಇಳಿದ. ಸಿದ್ಧಾರ್ಥ. ಅದೇ ಹಡಗಿನಲ್ಲಿ ನನ್ನ ಮುಖಕ್ಕೆ ಮೊಬೈಲ್ ಹಿಡಿದು, "ನೋಡಿ ಸ್ನೇಹಿತರೇ, ಈ ನರ್ಸು ನಮ್ಮ ಕಡೆಯೋಳೇ, ಆದ್ರೂ ತಪ್ಪು ಮುಚ್ಚಾಕ್ತವಳೆ" ಎಂದು ಲೋಕಕ್ಕೆಲ್ಲ ಸಾರಿದ ಮಹಾನುಭಾವ.

"ಕಲ್ಯ ಅಂತ ಊರು, ಆ ಕಡೆ ಹುಡುಗ, ಮಾಗಡೀಲಿ ಗೊಬ್ಬರದಂಗಡಿ ಮಡಗವ್ನೆ" ಎಂದಷ್ಟೇ ಅವ್ವ ಹೇಳಿದ್ದಳು. ಫೋಟೋ ತೋರಿಸಲು ಬಂದಾಗ ನಾನೇ ಮುಖ ತಿರುಗಿಸಿದ್ದೆ. ಮದುವೆಯ ಮಾತಿಗೆ ಕಿವಿಗೊಡುವ ಮನಸ್ಸು ನನಗಿರಲಿಲ್ಲ. ಅದಕ್ಕೆ ಕಾರಣನಾದವನೇ ಈಗ ನಮ್ಮ ಅಂಗಳದಲ್ಲಿ ಚಪ್ಪಲಿ ಬಿಡುತ್ತಿದ್ದ.

ಗೊಬ್ಬರದ ಕಂಪನಿಯೊಂದು ಚೆನ್ನಾಗಿ ಮಾರಿದ ಅಂಗಡಿಯವರನ್ನೆಲ್ಲ ಹಡಗು ಹತ್ತಿಸಿತ್ತು. ಸಿದ್ಧಾರ್ಥ ಅಪ್ಪನಿಗೆ ಸಮುದ್ರ ತೋರಿಸಬೇಕೆಂದು ಜೊತೆಗೆ ಕರೆತಂದಿದ್ದ. ದಡ ಬಿಟ್ಟು ದೂರ ಹೋದ ಮೇಲೆ ಮುದುಕರ ಕಾಲು ಊದಿ, ಎದೆಯಲ್ಲಿ ನೀರು ತುಂಬಿ, ಉಸಿರು ಸಿಕ್ಕದ ಹಾಗಾಯಿತು. ಹಡಗಿನಲ್ಲಿ ಒಬ್ಬರು ಡಾಕ್ಟರು, ಇಬ್ಬರು ನರ್ಸುಗಳು. ಹೃದಯದ ಡಾಕ್ಟರೂ ಇಲ್ಲ, ಐಸಿಯು ಕೂಡ ಇಲ್ಲ. ಗಾಳಿ ಜೋರಾಗಿ ಹೆಲಿಕಾಪ್ಟರ್ ಬರಲಾಗಲಿಲ್ಲ. ಹಿಂದಿನ ಬಂದರಿಗಿಂತ ಮುಂದಿನದೇ ಹತ್ತಿರವಿತ್ತು, ಹಾಗಾಗಿ ಕ್ಯಾಪ್ಟನ್ ಹಡಗು ತಿರುಗಿಸಲಿಲ್ಲ.

"ಚೆನ್ನಾಗಿದ್ದೋರಿಗೆ ಇದ್ದಕ್ಕಿದ್ದಂಗೆ ಯಾಕಿಂಗಾಯ್ತು? ಏನ್ ಕೊಟ್ರಿ ನೀವು?" ಎಂದು ಸಿದ್ಧಾರ್ಥ ಕೂಗಾಡಿದ. ಕಾರಣ ನನಗೆ ಗೊತ್ತಿತ್ತು. ಆಕ್ಸಿಜನ್ ಮಾಸ್ಕಿನ ಒಳಗಿಂದಲೇ ಮುದುಕರು ನನ್ನ ಕಿವಿಗೆ ಹೇಳಿ, ಮಗನಿಗೆ ತಿಳಿಸಬೇಡವೆಂದು ಆಣೆ ಹಾಕಿಸಿಕೊಂಡಿದ್ದರು. "ಅವರನ್ನೇ ಕೇಳಿ" ಅಂದೆ. ಅವನು ಅದನ್ನು ಅಹಂಕಾರ ಎಂದುಕೊಂಡ.

ನನ್ನನ್ನು ಬೈದದ್ದರ ಜೊತೆಗೆ, ಹಡಗಿನ ಆಸ್ಪತ್ರೆಯಲ್ಲಿ ಏನೂ ಸರಿಯಿಲ್ಲ ಎಂದೂ ಕೂಗಿದ್ದ ಆ ವಿಡಿಯೋ ಊರೂರು ಸುತ್ತಿತು. ತನಿಖೆ ಮುಗಿಯುವವರೆಗೆ ಮನೆಯಲ್ಲಿರು ಎಂದಿತು ಹಡಗಿನ ಕಂಪನಿ. ಮಾಸ್ಕಿನ ಹಿಂದಿದ್ದ ನನ್ನನ್ನು ನಮ್ಮೂರಲ್ಲಿ ಯಾರೂ ಗುರುತಿಸಿರಲಿಲ್ಲ, ಮನೆಯಲ್ಲಿ ನಾನು ರಜೆ ಅಂದಿದ್ದೆ.

ತಟ್ಟೆ ಹಿಡಿದು ನಡುಮನೆಗೆ ಹೋದೆ. ಹಡಗಿನಲ್ಲಿ ಸಿದ್ಧಾರ್ಥ ಕಂಡದ್ದು ನನ್ನ ಮುಖದ ಮಾಸ್ಕು, ತಲೆಗೆ ಟೋಪಿ. ಇಲ್ಲಿ ಅವ್ವನ ಹಸಿರು ಸೀರೆ, ಹೆರಳಿಗೆ ಕನಕಾಂಬರ. ಅವನು ನೋಡಿದ, ನೆಲ ನೋಡಿದ, ಯಾರೂ ಗಮನಿಸುತ್ತಿಲ್ಲ ಎಂದುಕೊಂಡು ಮತ್ತೆ ನೋಡಿದ. ಎರಡನೆಯ ಸಲದ ನೋಟ ಒಸಿ ಉದ್ದವಾಗಿಯೇ ಇತ್ತು. ಕಣ್ಣು ಚೆಂದವಿದ್ದವು, ಸುಳ್ಳು ಹೇಳಬಾರದು. ಅದಕ್ಕೇ ಸಿಟ್ಟು ಇನ್ನಷ್ಟು ಬಂತು.

"ಸಕ್ಕರೆ ಸಾಕಾ ನೋಡಿ" ಅಂದೆ.

ದನಿ ಕೇಳಿದ್ದೇ ಅವನ ಕಾಫಿ ಪಂಚೆಯ ಮೇಲೆ ಚೆಲ್ಲಿತು.

ಬೋರಲಿಂಗಯ್ಯನವರು ಕೈ ತಟ್ಟಿ ನಕ್ಕರು. "ಗುರ್ತು ಸಿಕ್ತೇನ್ಲಾ? ನಿಮ್ಮಪ್ಪನ್ನ ಉಳಿಸ್ಕಂಡೋಳು ಕಣ್ಲಾ! ಅವತ್ತು ಹಡಗಲ್ಲಿ ಊರ್ಯಾವುದು, ಅಪ್ಪ ಯಾರು ಅಂತ ಕೇಳ್ಕಂಡಿದ್ದೆ. ಅವತ್ತೇ ಅನ್ಕಂಡೆ, ಈ ಕೂಸು ನಮ್ಮನೆ ಸೊಸೆ ಆಗ್ಬೇಕು ಅಂತವ."

ಸಿದ್ಧಾರ್ಥ ಸುಮ್ಮನಿದ್ದು ಜಾರಿಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಅಷ್ಟು ಲೆಕ್ಕ ಅವನ ಕಡೆಗೂ ಹಾಕಲೇಬೇಕು.

"ಅಪ್ಪಾ, ಇವ್ರದ್ದೇ ತಪ್ಪು ಅಂತ ನಾನು ವಿಡಿಯೋ ಹಾಕಿವ್ನಿ."

"ಯಾವ ವಿಡಿಯೋ?" ನಮ್ಮಪ್ಪ ಚೆಲುವಯ್ಯ ನನ್ನ ಕಡೆ ತಿರುಗಿದರು.

"ರಜೆ ಅಲ್ಲಪ್ಪ" ಅಂದೆ. "ಆ ವಿಡಿಯೋ ನೋಡಿ ಕಂಪನಿಯವ್ರು ಮನೇಲಿರು ಅಂದವ್ರೆ. ಕೆಲಸ ಉಳಿಯೋದು ಗೊತ್ತಿಲ್ಲ."

ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮಡಚತೊಡಗಿದರು. ಮಗಳು ಹಡಗಿನಲ್ಲಿದ್ದಾಳೆ ಎಂದು ಕನಕಪುರದ ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರಿಗೂ ಹೇಳಿಕೊಂಡು ತಿರುಗಿದ ಮನುಷ್ಯ ಅವರು.

"ಯಾಕವ್ವ ಅವನಿಗೆ ನಿಜ ಹೇಳ್ನಿಲ್ಲ?" ಎಂದರು ಬೋರಲಿಂಗಯ್ಯ.

"ನೀವೇ ಹೇಳ್ಬೇಡ ಅಂದಿದ್ರಲ್ಲ."

ಮುದುಕರು ಊರುಗೋಲನ್ನು ಗೋಡೆಗೆ ಒರಗಿಸಿದರು. ನಡುಮನೆ ತುಂಬ ನೆಂಟರು, ಅದರಲ್ಲಿ ಅರ್ಧ ಹೆಂಗಸರು. ಅವರು ಯಾರ ಮುಖವನ್ನೂ ನೋಡದೆ ಹೇಳಿದರು.

"ನಂಗೆ ನೀರಿನ ಮಾತ್ರೆ ಬರೆದವ್ರೆ. ನುಂಗುದ್ರೆ ಗಳಿಗೆಗೊಂದು ಸಲ ಎದ್ದೋಗ್ಬೇಕು. ಆ ಹಡಗಿನ ಕಕ್ಕಸು, ಗುಂಡಿ ಅಮುಕುದ್ರೆ ಭರ್ರ್ ಅಂತ ಎಳ್ಕತದೆ ಕಣಪ್ಪ! ನನ್ನೂ ಎಳ್ಕಂಡು ಸಮುದ್ರಕ್ಕೆ ಹಾಕ್ಬುಡ್ತದೆ ಅಂತ ಹೆದ್ರುಕಂಡೆ. ಹತ್ತಿದ ದಿನದಿಂದ್ಲೇ ಮಾತ್ರೆ ನಿಲ್ಸಿಬುಟ್ಟೆ. ಎದೇಲಿ ನೀರು ನಿಂತ್ಕತು. ಮಗ ಅಷ್ಟು ಆಸೆಯಿಂದ ಕರ್ಕಂಡೋಗವ್ನೆ, ಕಕ್ಕಸಿಗೆ ಹೆದ್ರಿದೆ ಅಂತ ಹೆಂಗಪ್ಪ ಹೇಳಾದು?"

ಚಿಕ್ಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಯಾರೂ ನಗಲಿಲ್ಲ. ಸಿದ್ಧಾರ್ಥ ಅಪ್ಪನ ಪಕ್ಕ ನೆಲದ ಮೇಲೆ ಕೂತುಬಿಟ್ಟ.

ಮನೆಯ ಹಿಂದಿನ ಹುಳುಮನೆಯಲ್ಲಿ ನಾವು ಸಾಕಿದ ರೇಷ್ಮೆ ಹುಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಜ್ವರ ಅಂದರೆ ಪೊರೆ ಬಿಡುವ ಹೊತ್ತು. ಎದ್ದ ಮೇಲೆ ಅವುಗಳ ಹಸಿವು ಯಾರ ಮಾನ ಮರ್ಯಾದೆಗೂ ಕಾಯುವುದಿಲ್ಲ. ಸೊಪ್ಪು ಹಾಕುವ ನೆಪದಲ್ಲಿ ನಾನು ಎದ್ದು ಹೋದೆ. ಹಿಂದೆಯೇ ಅವನು ಬಂದ.

"ಅಲ್ಲೇ ನಿಲ್ಲಿ. ಬ್ಲೀಚಿಂಗ್ ನೀರಲ್ಲಿ ಕೈ ಕಾಲು ತೊಳ್ಕೊಂಡು ಬನ್ನಿ. ಹುಳುಗಳಿಗೆ ರೋಗ ಬಂದ್ರೆ ಅದಕ್ಕೂ ವಿಡಿಯೋ ಮಾಡ್ತೀರ."

ಮೊಣಕೈವರೆಗೂ ತೊಳೆದುಕೊಂಡು ಬಂದ. ಶಾಲೆಯಲ್ಲಿ ಏಟು ತಿಂದವನ ಮುಖ. ನನಗೆ ನಗು ಬಂತು, ತೋರಿಸಲಿಲ್ಲ.

"ತಪ್ಪಾಯ್ತು. ದೊಡ್ಡ ತಪ್ಪು" ಎಂದು ಮೊಬೈಲ್ ತೆಗೆದ. "ಈಗ್ಲೇ ಡಿಲೀಟ್ ಮಾಡ್ಬುಡ್ತೀನಿ."

ಅದೇ ನನಗೂ ಬೇಕಾಗಿತ್ತು. ಆ ವಿಡಿಯೋ ಪೂರ್ತಿ ತೆಗೆಸಿದರೆ ಕೆಲಸಕ್ಕೆ ವಾಪಸ್ಸು ಬರಲು ಟಿಕೆಟ್ ಕಳಿಸುತ್ತೇವೆ ಎಂದು ಕಂಪನಿಯ ಮನುಷ್ಯ ಫೋನಿನಲ್ಲಿ ಹೇಳಿದ್ದ. ಅವನ ಹೆಬ್ಬೆರಳು ಒತ್ತಿದರೆ ಮುಗಿಯಿತು. ಮತ್ತೆ ನನ್ನ ಕ್ಯಾಬಿನ್, ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೇ ಸಮುದ್ರ, ಅಪ್ಪನ ಬಸ್‌ಸ್ಟ್ಯಾಂಡ್ ಮಾತು, ಎಲ್ಲ ವಾಪಸ್ಸು.

ನಾನು ಅವನ ಕೈ ಹಿಡಿದುಕೊಂಡೆ.

ಇಬ್ಬರೂ ಬೆಚ್ಚಿದೆವು. ಆದರೂ ಬಿಡಲಿಲ್ಲ.

"ನೀವು ಹೇಳಿದ್ರಲ್ಲಿ ಅರ್ಧ ನಿಜ ಇದೆ" ಅಂದೆ. "ಎರಡು ಆಕ್ಸಿಜನ್ ಮಿಷನ್ ಇರ್ಬೇಕಿತ್ತು. ಒಂದು ಕೆಟ್ಟಿತ್ತು. ರಿಪೇರಿ ಆಗೋವರೆಗೂ ಹೊರಡೋದು ಬೇಡ ಅಂತ ನಾನೂ ಡಾಕ್ಟ್ರೂ ಹೇಳಿದ್ವಿ. ಕೇಳ್ಳಿಲ್ಲ, ಹೊರಟ್ರು. ವಯಸ್ಸಾದವ್ರು ಹತ್ತುವಾಗ ಯಾವ ಮಾತ್ರೆ ತಗೋತೀರ, ಬಿಟ್ರೆ ಏನಾಗುತ್ತೆ ಅಂತ ಅವರ ಭಾಷೇಲಿ ಒಬ್ರೂ ಕೇಳಲ್ಲ. ಅವತ್ತು ನಿಮ್ಮಪ್ಪ ಒಬ್ರೇ ಬಂದ್ರು, ಸಾಕಾಯ್ತು. ಇನ್ನೊಬ್ರು ಬಂದಿದ್ರೆ ಆ ಒಂದು ಮಿಷನ್ ಯಾರ ಮೂಗಿಗೆ ಇಡ್ಬೇಕಿತ್ತು, ಹೇಳಿ?"

ಅವನ ಹೆಬ್ಬೆರಳು ಮೊಬೈಲಿನಿಂದ ಸರಿಯಿತು.

"ನನ್ನ ಬೈದಿರೋದು ತೆಗೀರಿ. ಉಳಿದಿದ್ದು ಇರ್ಲಿ."

"ಇದ್ರೆ ನಿಮ್ ಕೆಲಸ?"

"ಹೋಗುತ್ತೆ."

ಹುಳುಮನೆಯ ಜಗುಲಿಯಲ್ಲೇ ಹೊಸ ವಿಡಿಯೋ ಆಯಿತು. ಸಿದ್ಧಾರ್ಥ ಕ್ಷಮೆ ಕೇಳಿದ, ಯಾವುದು ಸುಳ್ಳು, ಯಾವುದು ನಿಜ ಎಂದು ಬಿಡಿಸಿ ಹೇಳಿದ. ಮಿಷನ್ನಿನ ವಿಷಯವನ್ನು ನಾನು ನನ್ನ ಹೆಸರು ಹೇಳಿಯೇ ಹೇಳಿದೆ. ಪ್ರತಿಮಾ, ಹಡಗಿನ ನರ್ಸ್, ಚೆಲುವಯ್ಯನ ಮಗಳು. ಬೋರಲಿಂಗಯ್ಯನವರು ನಡುವೆ ತೂರಿಕೊಂಡು, "ನಾಚ್ಕೆಪಟ್ಟು ಮಾತ್ರೆ ಬುಡ್ಬ್ಯಾಡ್ರಪ್ಪ, ಕಕ್ಕಸು ಯಾರ್ನೂ ಎಳ್ಕೊಳಾಕಿಲ್ಲ" ಎಂದದ್ದೇ ಎಲ್ಲಕ್ಕಿಂತ ಹೆಚ್ಚು ಜನ ನೋಡಿದ್ದು.

ಮದುವೆಯ ಮಾತು ಆ ದಿನ ಯಾರ ಬಾಯಲ್ಲೂ ಬರಲಿಲ್ಲ.

ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ದಿನ ಕಂಪನಿಯ ಮೆಸೇಜ್ ಬಂತು. ನಿಮ್ಮ ಸೇವೆ ಇನ್ನು ಅಗತ್ಯವಿಲ್ಲ. ಅಪ್ಪನಿಗೆ ಓದಿ ಹೇಳಿದೆ. ಅವರು, "ಸರಿಯಾಗೇ ಮಾಡಿದ್ದೀಯ, ಕೈಲಿರೋ ಕೆಲ್ಸ ನೋಡು" ಎಂದರು. ಹಣ್ಣಾದ ಹುಳು ಆರಿಸಿ, ಅವು ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಚಂದ್ರಿಕೆಗೆ, ಬಿಡಬೇಕು. ತಡವಾದರೆ ಕಂಡಲ್ಲಿ ಗೂಡು ಕಟ್ಟಿಬಿಡುತ್ತವೆ. ತಲೆ ತಗ್ಗಿಸಿ ಆರಿಸುತ್ತ ಕೂತೆ. ಕಣ್ಣೀರು ಬಂದರೂ ಒರೆಸಲು ಕೈ ಬಿಡುವಿರಲಿಲ್ಲ.

ಮಾಗಡಿಯಿಂದ ರಾಮನಗರದ ಮೇಲೆ ಹಾದು ಬಂದ ಬೈಕು ಅಂಗಳದಲ್ಲಿ ನಿಂತಿತು. ಯಾರೂ ಹೇಳದೆಯೇ ಅವನು ಕೈಕಾಲು ತೊಳೆದು ನನ್ನ ಎದುರು ಕೂತು ಹುಳು ಆರಿಸತೊಡಗಿದ. ಇನ್ನೂ ಹಣ್ಣಾಗದ ಒಂದಿಷ್ಟು ಹಸಿಯವನ್ನೂ ಆರಿಸಿದ. ನಾನು ಅವನ್ನು ಎತ್ತಿ ವಾಪಸ್ಸು ಹಾಕಿದೆ.

"ಮೆಸೇಜ್ ಬಂತಾ?" ಎಂದ. ಮುಖ ನೋಡಿಯೇ ತಿಳಿದುಕೊಂಡಿದ್ದ.

"ಬಂತು. ಅಯ್ಯೋ ಪಾಪ ಅನ್ನೋಕೆ ಬಂದಿದ್ರೆ ಹೊರಡಿ."

"ಅವತ್ತು ಬಂದ ಕೆಲಸ ಹಂಗೇ ಉಳ್ಕತು, ಅದಕ್ಕೆ ಬಂದೆ."

"ನೋಡಿದ್ರಲ್ಲ ಹೆಣ್ಣನ್ನ."

"ನಾನು ನೋಡ್ದೆ. ನೀವು ನೋಡಿದ್ರೋ ಇಲ್ವೋ ಅಂತ ಅನುಮಾನ."

ನಾನು ಚಂದ್ರಿಕೆಯ ಕಡೆ ನೋಡಿದೆ. "ನನ್ನ ಕೆಲಸ ಕಳೆದ್ರಿ ಅಂತ ಪ್ರಾಯಶ್ಚಿತ್ತಕ್ಕೆ ಮದುವೆ ಆಗ್ಬೇಡಿ."

"ಗೊಬ್ಬರ ಮಾರೋನು ನಾನು, ಅಷ್ಟೊಂದು ಪುಣ್ಯಾತ್ಮ ಅಲ್ಲ." ಆಮೇಲೆ ಅವನ ದನಿ ತಗ್ಗಿತು. "ಹಳೇ ವಿಡಿಯೋನ ನಾನು ಆಗಾಗ ನೋಡ್ತಿದ್ದೆ. ಮೊದಮೊದ್ಲು ಸಿಟ್ಟಿಗೆ ನೋಡ್ತಿದ್ದೆ. ಆಮೇಲೆ ಸಿಟ್ಟಿಗಲ್ಲ. ನಾನು ಅಷ್ಟು ಕಿರುಚಾಡ್ತಿದ್ರೂ ನೀವು ಅಪ್ಪನ ಮಾಸ್ಕ್ ಹಿಡಿದಿದ್ದ ಕೈ ತೆಗೀಲೇ ಇಲ್ಲ. ಆ ಕೈನೇ ನೋಡ್ತಿದ್ದೆ. ತಪ್ಪು ಮಾಡಿರೋರ ಕೈ ಹಿಂಗಿರುತ್ತಾ ಅಂತ ಅನ್ನುಸ್ತಿತ್ತು. ಒಪ್ಕಳಕ್ಕೆ ಧೈರ್ಯ ಇರ್ಲಿಲ್ಲ."

ಈಗಲೇ ಹೇಳಿಬಿಡಬೇಕು, ಆಮೇಲೆ ಆಗುವುದಿಲ್ಲ ಅನ್ನಿಸಿತು.

"ನಾನು ಇನ್ನೊಂದು ಹಡಗು ಹುಡುಕ್ತೀನಿ. ಮದುವೆ ಆದ್ರೂ ಹೋಗ್ತೀನಿ. ವರ್ಷದಲ್ಲಿ ಅರ್ಧ ನೀರಿನ ಮೇಲೇ ಇರ್ತೀನಿ. ಆ ಕೆಲಸ ನಂಗಿಷ್ಟ."

ಅವನು ಕೈಯಲ್ಲಿದ್ದ ಹುಳುವನ್ನು ಮೆಲ್ಲಗೆ ಚಂದ್ರಿಕೆಗೆ ಬಿಟ್ಟ. ಬೇಡ ಅನ್ನುತ್ತಾನೆ ಎಂದುಕೊಂಡೆ.

"ಹೋಗ್ಬೇಡಿ ಅನ್ನಲ್ಲ" ಎಂದ. "ಭಯ ಆಯ್ತದೆ ಅಷ್ಟೆ. ನಮ್ಮಪ್ಪಂಗೆ ನೀವಿದ್ರಿ. ಅಲ್ಲಿ ನಿಮಗೇ ಏನಾರ ಆದ್ರೆ, ನಿಮ್ಮ ಮಾಸ್ಕ್ ಯಾರು ಹಿಡ್ಕತಾರೆ?"

ಇಷ್ಟು ವರ್ಷ ಆ ಹಡಗಿನಲ್ಲಿ ಎಷ್ಟೋ ಜನರನ್ನು ನೋಡಿಕೊಂಡಿದ್ದೆ. ಈ ಪ್ರಶ್ನೆಯನ್ನು ಕಂಪನಿ ಕೇಳಿರಲಿಲ್ಲ, ಮನೆಯವರು ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಕೈ ಬಿಡುವಿಲ್ಲದಿದ್ದರೂ ಈಗ ಕಣ್ಣು ಒರೆಸಿಕೊಳ್ಳಲೇಬೇಕಾಯಿತು.

"ಹತ್ತೋಕೆ ಮುಂಚೆ ಎರಡೂ ಮಿಷನ್ ನೋಡ್ತೀನಿ" ಅಂದೆ. "ಒಂದು ಕೆಟ್ಟಿದ್ರೂ ಹತ್ತಲ್ಲ. ಬ್ಯಾಗ್ ತಗೊಂಡು ಸೀದಾ ಮನೆಗೆ ಬಂದ್ಬಿಡ್ತೀನಿ."

"ಯಾವ ಮನೆಗೆ?"

ಅಪ್ಪ ಬಾಗಿಲಲ್ಲೇ ಇದ್ದರು. ಇದ್ದರೆ ಇರಲಿ ಅನ್ನಿಸಿತು.

"ನಿಮ್ಮನೆಗೆ, ಕಲ್ಯಕ್ಕೆ" ಅಂದೆ.