ಖಾಲಿ ಮಾಡಿದ ಬುಟ್ಟಿ

ಸಂಜೆ ತರಗತಿಯಲ್ಲಿ ಕಂಪ್ಯೂಟರ್ ಕಲಿತವನು ನಾನು. ಇದನ್ನು ಹೇಳಹೊರಟಿದ್ದಕ್ಕೆ ಕ್ಷಮೆಯಿರಲಿ. ಹೊಳೆನರಸೀಪುರದ ಪ್ರೇಮಕುಮಾರಿಯವರು ಮನೆಯ ಕಂಪ್ಯೂಟರ್ ತೀರಾ ನಿಧಾನವಾಗಿದೆಯೆಂದು ಕರೆಸಿದ್ದರು. ಬೇಡದ ಫೈಲುಗಳನ್ನು ಅಳಿಸಿ, "ಬರೀ ಕಸ ಅಮ್ಮಾ" ಎನ್ನುತ್ತ ಅಳಿಸಿದ್ದೆಲ್ಲ ಹೋಗಿ ಬೀಳುವ ಕಸದ ಬುಟ್ಟಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿದೆ.

ಅವರು ಕಾಫಿ ಲೋಟ ಹಿಡಿದೇ ನಿಂತುಬಿಟ್ಟರು. "ತೀರ್ಕೊಂಡ ನಮ್ಮನೆಯೋರ ದನಿ ಅದ್ರಲ್ಲೇ ಇತ್ತು ಕಣಪ್ಪ. ಕಸದ ಬುಟ್ಟಿಗೆ ಯಾರು ಕೈ ಆಕ್ತಾರೆ ಅಂತ ರೆಕಾರ್ಡ್ ಮಾಡಿದ್ದೆಲ್ಲ ಅಲ್ಲೇ ಇಡೋರು. ಓದ್ದೋನು ನೀನು, ಒಂದ್ಮಾತು ಕೇಳ್ಬಾರ್ದಿತ್ತಾ?"

ಎಷ್ಟು ಹುಡುಕಿದರೂ ಒಂದೂ ಮರಳಿ ಸಿಗಲಿಲ್ಲ. ಮರುದಿನ ಮಧ್ಯಾಹ್ನ ಮತ್ತೆ ಹೋದಾಗ ಬುಟ್ಟಿಯಲ್ಲಿ ಒಂದೇ ಫೈಲಿತ್ತು. ತೆರೆದರೆ ಗಂಡಸಿನ ಕೆಮ್ಮು. "ಅವ್ರದೇ" ಎಂದು ಅಮ್ಮ ಸ್ಪೀಕರಿಗೆ ಕಿವಿಗೊಟ್ಟರು. ಆಮೇಲೆ ನನ್ನದೇ ದನಿ: "ಬರೀ ಕಸ ಅಮ್ಮಾ." ಮತ್ತೆ ಕೆಮ್ಮು, ಇನ್ನೂ ಹತ್ತಿರದಿಂದ.

ಅಮ್ಮನ ಗಂಡ ಬಳಸುತ್ತಿದ್ದ ಮೈಕು ವರ್ಷದಿಂದ ಬೀರುವಿನಲ್ಲೇ ಇದೆ. ಅಳಿಸಿದ್ದು ನಾನೇ. ಇದನ್ನು ರೆಕಾರ್ಡ್ ಮಾಡಿದ್ದು ಯಾರೆಂದು ಮಾತ್ರ ಇಂದಿಗೂ ನನಗೆ ತಿಳಿದಿಲ್ಲ.