ಬ್ರೋಷರಿನ ಜೋಡಿ

ಹಳೆಯ ವಿದ್ಯಾರ್ಥಿಗಳ ಸಂಘದವರು ತಮ್ಮ ಬುದ್ಧಿಯನ್ನು ಎಲ್ಲಿ ಅಡವಿಟ್ಟಿದ್ದರೋ ಏನೋ. ಬಿಸಿನೆಸ್ ಸ್ಕೂಲಿನ ಬ್ರೋಷರಿನಲ್ಲಿ ವರ್ಷ ವರ್ಷವೂ ಅದೇ ಫೋಟೊ. ಲೈಬ್ರರಿಯ ಮೆಟ್ಟಿಲ ಮೇಲೆ ಹೆಗಲಿಗೆ ಹೆಗಲು ತಾಗಿಸಿ ಕೂತು ನಗುತ್ತಿರುವ ಡಾಕ್ಟರ್ ಮತ್ತು ಲಾಯರ್.

ಇಬ್ಬರೂ ಎರಡೆರಡು ಡಿಗ್ರಿಯ ಗಿರಾಕಿಗಳು. ಅವಳದು ಮೆಡಿಸಿನ್ ಜೊತೆ ಎಂಬಿಎ, ಅವನದು ಕಾನೂನಿನ ಜೊತೆ ಎಂಬಿಎ. ಕ್ಲಾಸಿನಲ್ಲಿ ಎಲ್ಲರಿಗೂ ಅವರು ‘ಡಾಕ್ಟರ್’, ‘ಲಾಯರ್’, ಹೆಸರು ಹಿಡಿದು ಯಾರೂ ಕರೆದದ್ದೇ ಇಲ್ಲ. ಫೋಟೊ ನೋಡಿ ಗಂಡ ಹೆಂಡತಿ ಎಂದುಕೊಂಡ ಸಂಘದವರು ‘ಎರಡು ಡಿಗ್ರಿ, ಒಂದು ಸಂಸಾರ’ ಎಂಬ ಕಾರ್ಯಕ್ರಮಕ್ಕೆ ಇಬ್ಬರನ್ನೂ ಕರೆದುಬಿಟ್ಟಿದ್ದರು. ಪ್ರೀತಿ ಮುರಿದುಬಿದ್ದು ಆರು ವರ್ಷವಾಯಿತೆಂದು ಫೋಟೊ ಹೇಳುವುದಿಲ್ಲವಲ್ಲ!

ಮುರಿದದ್ದೂ ಎಂಥ ಚಂದ! ಅವಳಿಗೆ ಮೆಡಿಕಲ್ ಓದು ಇನ್ನೂ ಎರಡು ವರ್ಷ ಬಾಕಿ ಇತ್ತು. ಮಹಾಶಯ ಲ್ಯಾಪ್‌ಟಾಪ್ ತೆರೆದು, ಕ್ಲಾಸಿನಲ್ಲಿ ಕಲಿಸಿದ ಹಾಗೆಯೇ, ಅವರಿಬ್ಬರ ಮದುವೆಗೊಂದು ಪ್ರೆಸೆಂಟೇಶನ್ ಮಾಡಿ ತೋರಿಸಿದ್ದ. ಲಾಭ, ನಷ್ಟ, ರಿಸ್ಕ್. ಸಂಬಂಧ ಉಳಿಯುವ ಸಾಧ್ಯತೆ ನೂರಕ್ಕೆ ನಲವತ್ತು. ಕೊನೆಯ ಸ್ಲೈಡಿನಲ್ಲಿ ‘ಬೇರೆಯಾಗುವುದೇ ಸೂಕ್ತ’. ಮರುವಾರವೇ ಬೇರೆ ಊರಿನ ಕೆಲಸಕ್ಕೆ ಗಂಟು ಮೂಟೆ ಕಟ್ಟಿದ.

ಆಹ್ವಾನದಲ್ಲಿ ಕಾರ್ಯಕ್ರಮದ ಹೆಸರಿರಲಿಲ್ಲ, ಅವನ ಹೆಸರು ನೋಡಿಯೇ ಅವಳು ಬಂದಿದ್ದಳು. ಅವಳಿಗೆ ಬೇಕಿದ್ದದ್ದು ಒಂದೇ ಮಾತು, ‘ತಪ್ಪಾಯ್ತು’. ಅದೊಂದು ಅವನ ಬಾಯಿಂದ ಬಿದ್ದರೆ ಹೊಟ್ಟೆಯ ಉರಿ ಆರುತ್ತದೆ, ಅಣ್ಣ ಅತ್ತಿಗೆ ಮದುವೆಗೆ ನೋಡಿಟ್ಟಿರುವ ಕಣ್ಣಿನ ಡಾಕ್ಟರಿಗೆ ಹೂಂ ಅನ್ನಬಹುದು ಎಂದುಕೊಂಡಿದ್ದಳು. ವೇದಿಕೆಯ ಮೇಲಿನ ಬ್ಯಾನರಿನಲ್ಲಿ ‘ಒಂದು ಸಂಸಾರ’ ಎಂದು ಓದಿದಾಗ ಮಾತ್ರ ಮೈಯೆಲ್ಲ ಉರಿದುಹೋಯಿತು.

“ಚೆನ್ನಾಗಿದ್ದೀರಾ?” ಪಕ್ಕದ ಕುರ್ಚಿಯಲ್ಲಿ ಕೂರುತ್ತ ಕೇಳಿದ ಲಾಯರ್.

“ನಿಮ್ಮ ಮುಖ ನೋಡೋವರೆಗೂ ಚೆನ್ನಾಗೇ ಇದ್ದೆ.”

“ನಾಲಿಗೆ ಇನ್ನೂ ಹಾಗೇ ಇದೆ.”

“ಕೊಯ್ಯೋ ಕೆಲಸ ನಂದು. ಹರಿತ ಇರ್ಬೇಕಾಗುತ್ತೆ.”

ಅವನು ನಕ್ಕ. ಕಿವಿಯ ಹತ್ತಿರ ನಾಲ್ಕೈದು ಬಿಳಿಕೂದಲು ಬಂದಿದ್ದವು. ನೋಡಬಾರದು ಎಂದುಕೊಂಡೇ ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ. ಹಾಳಾದ ಮೈಕು ಸರಿಮಾಡುವ ನೆಪದಲ್ಲಿ ಅವಳು ಮುಖ ತಿರುಗಿಸಿಕೊಂಡಳು.

ಕಾರ್ಯಕ್ರಮ ನಡೆಸುತ್ತಿದ್ದ ವಿದ್ಯಾರ್ಥಿನಿ ಉತ್ಸಾಹದಿಂದ ಶುರು ಮಾಡಿದಳು. “ಮೇಡಂ, ಎರಡು ಕೋರ್ಸಿನ ಟೆನ್ಶನ್‌ನಲ್ಲೂ ನಿಮ್ಮ ಪ್ರೀತಿ ಹೇಗೆ ಉಳೀತು?”

“ಉಳೀಲಿಲ್ಲಮ್ಮ. ಸರ್ ಅದಕ್ಕೆ ನಲವತ್ತು ಪರ್ಸೆಂಟ್ ಅಂತ ಲೆಕ್ಕ ಹಾಕಿ ಅಂಗಡಿ ಮುಚ್ಚಿಬಿಟ್ರು.”

ಸಭೆ ಗೊಳ್ಳೆಂದು ನಕ್ಕಿತು. ತಮಾಷೆ ಎಂದುಕೊಂಡರು, ಪಾಪ.

“ಅಂದ್ರೆ... ನಿಮ್ಮ ಮದುವೆ ಆದಮೇಲೆ...”

“ಆಗಿದ್ರೆ ತಾನೇ!”

ಈಗ ಯಾರೂ ನಗಲಿಲ್ಲ. ಹುಡುಗಿ ಕೈಯಲ್ಲಿದ್ದ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ಬೆಪ್ಪಾಗಿ ನಿಂತಳು. ಹಿಂದಿನ ಸಾಲಿನಿಂದ ಒಬ್ಬ ಎದ್ದ. “ಸರ್, ಹಾಗಾದ್ರೆ ಓದುವಾಗ ಲವ್ ಮಾಡ್ಬೇಕೋ ಬೇಡ್ವೋ? ನಾವೂ ಡಿಸೈಡ್ ಮಾಡ್ಬೇಕಲ್ಲ!”

ಲಾಯರ್ ಮೈಕು ತೆಗೆದುಕೊಂಡ. ಅವಳು ಜಗಳಕ್ಕೆ ಸಜ್ಜಾಗಿ ಕೂತಳು. ವಾದಕ್ಕೆ ನಿಂತರೆ ಕಾಗೆಯನ್ನೂ ಬಿಳಿ ಎನ್ನಿಸುವ ಆಸಾಮಿ ಅವನು.

“ಆ ನಲವತ್ತು ಯಾವ ಲೆಕ್ಕದಿಂದಲೂ ಬಂದಿದ್ದಲ್ಲ. ನಾನೇ ಸುಮ್ನೆ ಟೈಪ್ ಮಾಡಿದ್ದು. ಇವಳು ದೊಡ್ಡ ಡಾಕ್ಟರಾಗಿ ನನ್ನ ಬಿಟ್ಟುಹೋಗ್ತಾಳೆ ಅಂತ ಹೆದರಿದ್ದೆ. ಅದಕ್ಕೇ ನಾನೇ ಮೊದಲು ಬಿಟ್ಟೆ. ತಪ್ಪಾಯ್ತು.”

ಅಷ್ಟೇ ಹೇಳಿ ಮೈಕು ಕೆಳಗಿಟ್ಟ. ಆರು ವರ್ಷ ಕಾದ ಮಾತು ಬಂದೇ ಬಂತು. ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ, ಅವಳಿಗೆ ಅಳುವಷ್ಟು ಸಿಟ್ಟು ಬಂತು.

ಕಾರ್ಯಕ್ರಮ ಹೇಗೋ ಮುಗಿಯಿತು. ಲಿಫ್ಟಿನ ಬಳಿ ಅವನನ್ನು ಅಟ್ಟಿಸಿಕೊಂಡು ಹೋಗಿ ಹಿಡಿದಳು.

“ಏಯ್, ನಿಂತ್ಕೊಳೋ! ಯಾಕೆ ಹೇಳ್ದೆ ಅದನ್ನ?”

“ನಿನಗೆ ಬೇಕಾಗಿದ್ದು ಅದೇ ಅಲ್ವಾ?”

“ಹೌದು! ಅದೊಂದು ಕೇಳಿಬಿಟ್ರೆ ನಿನ್ನ ಪೀಡೆ ತೊಲಗುತ್ತೆ ಅಂದ್ಕೊಂಡಿದ್ದೆ. ಈಗ ನೋಡು, ದ್ವೇಷ ಮಾಡೋಕೆ ಒಂದು ಕಾರಣಾನೂ ಉಳಿಸಲಿಲ್ಲ ನೀನು. ಇನ್ನು ಬರೀ ಪ್ರೀತಿ ಇಟ್ಕೊಂಡು ನಾನೇನು ಮಾಡ್ಲಿ?”

ಹೇಳಿದ ಮೇಲೆ ಏನು ಹೇಳಿದೆನೆಂದು ಅವಳಿಗೇ ಗಾಬರಿಯಾಯಿತು. ಅವನು ಒಂದು ಹೆಜ್ಜೆ ಮುಂದೆ ಬಂದ.

“ಹತ್ರ ಬಂದ್ರೆ ಹೊಡೀತೀನಿ.”

“ಹೊಡಿ.”

ಹೊಡೆದಳು. ಬ್ಯಾಗಿನಿಂದ ಭುಜಕ್ಕೆ ಬಿದ್ದ ಪೆಟ್ಟು ಜೋರಾಗಿಯೇ ಇತ್ತು. ಅವನು ಕದಲಲಿಲ್ಲ. ಕಣ್ಣು ಮಾತ್ರ ತುಂಬಿ ಬಂತು, ನೋವಿಗೋ ಇನ್ನಾವುದಕ್ಕೋ. “ನಂಗೂ ಬೇರೆ ಯಾರನ್ನೂ ಪ್ರೀತಿ ಮಾಡೋಕೆ ಆಗ್ಲಿಲ್ಲ ಕಣೇ,” ಎಂದ.

“ಬಾಯ್ಮುಚ್ಚು. ಒಂದು ಫೋನ್ ಮಾಡ್ಬೇಕು.”

ಅವನು ಎಲ್ಲಿ ಹೋಗಿಬಿಡುತ್ತಾನೋ ಎಂದು ಅವನ ಶರ್ಟಿನ ತೋಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮನೆಗೆ ಫೋನ್ ಹಚ್ಚಿದಳು.

“ಅತ್ತಿಗೆ, ಆ ಕಣ್ಣಿನ ಡಾಕ್ಟರಿಗೆ ಬೇಡ ಅಂತ ಹೇಳಿಬಿಡಿ... ಅಯ್ಯೋ, ಅವರಿಗಿಂತ ಒಳ್ಳೆಯವನು ಎಲ್ಲಿ ಸಿಕ್ತಾನೆ ಅತ್ತಿಗೆ? ಹಳೇ ಕೆಟ್ಟವನೇ ಸಿಕ್ಕಿದಾನೆ.”